ಓರೆಯಾಗಿ ಹೊಡೆದ ಮೊಳೆ

ದಾವೆ ಹೂಡಿದ ಡೆಲ್ಫಿಯಾಳನ್ನು ಅಂದು ಕೋರ್ಟಿಗೆ ಕರೆತಂದವಳು ಓಪಲ್. ದಾವೆ ಇದ್ದದ್ದೂ ಆ ಓಪಲಳ ಮೇಲೆಯೇ. ಕಾರು ನಿಲ್ಲಿಸಿ, ಇಳಿಸಿ, ತೋಳು ಕೊಟ್ಟು ಮೆಟ್ಟಿಲು ಹತ್ತಿಸಿದಳು. ಬಾಗಿಲಲ್ಲಿ ನಿಂತಿದ್ದ, ವಿಮೆ ಕಂಪನಿ ಓಪಲಳ ಪರವಾಗಿ ನೇಮಿಸಿದ್ದ ವಕೀಲ ಕ್ರೆನ್‌ಷಾ ಹಣೆ ಚಚ್ಚಿಕೊಂಡ.

“ಅಮ್ಮಾ, ಎದುರು ಪಾರ್ಟಿ ಜೊತೆ ಕೈ ಹಿಡ್ಕೊಂಡು ಬರಬೇಡಿ ಅಂತ ಹೇಳಿರಲಿಲ್ವಾ?”

“ಸೊಂಟ ಮುರಿದವಳು ಕಾರು ಓಡಿಸ್ತಾಳಾ? ನಿಮ್ಮ ವಿಮೆ ಕಂಪನಿ ಹೊತ್ಕೊಂಡು ಬರ್ತಿತ್ತೇನಪ್ಪ?”

“ಶ್! ಒಳಗೆ ಆ ಮಾತು ಮಾತ್ರ ಎತ್ತಬೇಡಿ.”

ಹಿಂದಿನ ವರ್ಷ ಡೆಲ್ಫಿಯಾ ಬೀನ್ಸ್ ಬೇಯಿಸಿ ತಂದುಕೊಟ್ಟು ಹಿಂದಿರುಗುವಾಗ, ಓಪಲಳ ಮನೆಯ ಮೆಟ್ಟಿಲ ಪಕ್ಕದ ಮರದ ರೇಲಿಂಗ್ ಕೈಗೆ ಕಿತ್ತುಬಂದು ಕೆಳಗೆ ಬಿದ್ದಳು. ಮನೆಗೆ ವಿಮೆಯಿತ್ತು. ಆದರೆ ಕಂಪನಿ ಒಪ್ಪಲಿಲ್ಲ. ಹೆಂಗಸು ತಾನಾಗಿ ಎಡವಿದಳು, ಬಿದ್ದ ಭಾರಕ್ಕೆ ರೇಲಿಂಗ್ ಕಿತ್ತಿತು ಎಂದಿತು. ಇನ್ನು ಉಳಿದದ್ದು ದಾವೆಯೊಂದೇ. ಅಮೆರಿಕದ ಆ ಕೆಂಟಕಿ ರಾಜ್ಯದ ಕಾನೂನಿನಂತೆ ಕಂಪನಿಯ ಮೇಲೆ ನೇರವಾಗಿ ದಾವೆ ಹೂಡುವಂತಿಲ್ಲ, ಕಾಗದದಲ್ಲಿ ಓಪಲಳ ಹೆಸರೇ ಇರಬೇಕು. ತೀರ್ಪು ಹೇಳಲು ಕೂತ ಹನ್ನೆರಡು ಮಂದಿಯ ಕಿವಿಗೆ ವಿಮೆಯೆಂಬ ಮಾತು ಬೀಳಬಾರದು. ಡೆಲ್ಫಿಯಾಳದು ಶಾಲೆಯ ಅಡುಗೆಮನೆಯಲ್ಲಿ ದಿನವಿಡೀ ನಿಂತು ಮಾಡುವ ಕೆಲಸ. ಇನ್ನೊಂದು ಆಪರೇಷನ್ ಆಗದೆ ಅವಳು ನಿಲ್ಲುವಂತಿರಲಿಲ್ಲ.

ಒಳಗೆ ಮೇಜಿನ ಮೇಲೆ ಆ ರೇಲಿಂಗ್ ಮಲಗಿತ್ತು. ಅದಕ್ಕೊಂದು ಚೀಟಿ ಕಟ್ಟಿ ‘ಸಾಕ್ಷ್ಯ 1’ ಎಂದು ಬರೆದಿದ್ದರು. ಓಪಲ್ ಅದನ್ನು ಒಂದು ವರ್ಷದ ಮೇಲೆ ನೋಡುತ್ತಿದ್ದಳು. ಗಂಡ ಹೋಬರ್ಟ್ ತೀರಿಕೊಳ್ಳುವ ತಿಂಗಳು ಮುಂಚೆ ಹಾಕಿದ್ದು ಅದು. ಅವನು ಮಾಡಿದ ಕಟ್ಟಕಡೆಯ ಕೆಲಸ.

ಡೆಲ್ಫಿಯಾ ದೇವರ ಆಣೆಯಿಟ್ಟು ಕುಳಿತಳು. “ರೇಲಿಂಗ್ ಹೇಗಿತ್ತು, ಹೇಳಿ,” ಎಂದ ಅವಳ ವಕೀಲ.

ಅವಳು ಮೇಜಿನ ಕಡೆ ನೋಡಿದಳು. ಆಮೇಲೆ ಓಪಲಳ ಮುಖ ನೋಡಿದಳು. “ಚೆನ್ನಾಗೇ ಇತ್ತು.”

“ಮತ್ತೆ ಬಿದ್ದದ್ದು ಹೇಗಮ್ಮಾ?” ವಕೀಲ ಒಂದು ಹೆಜ್ಜೆ ಮುಂದೆ ಬಂದ.

“ನನ್ನ ಕಾಲೇ ಜಾರಿತು. ಹೋಬರ್ಟ್ ಕೆಲಸದಲ್ಲಿ ಐಬು ಅಂತ ನಾನು ಹೇಗೆ ಹೇಳ್ಲಿ? ನಮ್ಮ ಚರ್ಚಿನ ಬೆಂಚೆಲ್ಲ ಮಾಡಿದವನು ಅವನು.”

ಕ್ರೆನ್‌ಷಾ ಪೆನ್ನಿಗೆ ಮುಚ್ಚಳ ಹಾಕಿದ. ಅವನ ಪಕ್ಕದಲ್ಲಿ ಓಪಲಳ ಕುರ್ಚಿ ಕಿರುಗುಟ್ಟಿತು.

“ಲೇ ಡೆಲ್ಫಿಯಾ! ದೇವರ ಆಣೆ ಇಟ್ಟು ಸುಳ್ಳು ಬೊಗಳ್ತೀಯಲ್ಲೇ, ನಾಚಿಕೆ ಆಗಲ್ವಾ?”

“ಕೂತ್ಕೊಳ್ಳಿ ಅಮ್ಮಾ, ನಿಮ್ಮ ಸರದಿ ಬರುತ್ತೆ,” ಎಂದು ನ್ಯಾಯಾಧೀಶರು ಸುತ್ತಿಗೆ ಬಡಿದರು.

“ಅಷ್ಟರಲ್ಲಿ ಈ ಪೆದ್ದಿ ಕೇಸು ಸೋತಿರ್ತಾಳೆ ಸ್ವಾಮಿ.” ಓಪಲ್ ಮೇಜಿನ ಬಳಿಗೆ ಹೋಗಿ ರೇಲಿಂಗನ್ನು ಹೊರಳಿಸಿದಳು. “ನೋಡಿ. ನಾಲ್ಕು ಮೊಳೆ, ನಾಲ್ಕೂ ಓರೆ. ಅವನ ಕೈ ಅಷ್ಟು ನಡುಗ್ತಿತ್ತು. ನಾನೇ ಪಕ್ಕದಲ್ಲಿ ನಿಂತು ಒಂದೊಂದೇ ಮೊಳೆ ಕೊಟ್ಟೆ. ಅಲ್ಲಾಡುತ್ತೆ ಅಂತ ಆವತ್ತೇ ಗೊತ್ತಿತ್ತು. ಬೇರೆಯವರನ್ನ ಕರೆಸಿದ್ರೆ ನೊಂದ್ಕೋತಾನೆ ಅಂತ ಸುಮ್ಮನಿದ್ದೆ. ಅವನು ಹೋದಮೇಲೆ ಕೀಳಿಸೋಕೆ ಮನಸ್ಸು ಬರಲಿಲ್ಲ. ದಿನಾ ಬೆಳಿಗ್ಗೆ ಅದನ್ನ ಹಿಡ್ಕೊಂಡೇ ಇಳೀತಿದ್ದೆ, ಮೆಲ್ಲಗೆ. ಬೇರೆಯವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪು ನಂದು.”

ಸಾಕ್ಷಿಯ ಕುರ್ಚಿಯಲ್ಲಿ ಡೆಲ್ಫಿಯಾ ಅಳುತ್ತಿದ್ದಳು. ಕ್ರೆನ್‌ಷಾ ಹತ್ತು ನಿಮಿಷ ಸಮಯ ಕೇಳಿ, ಫೋನು ಹಿಡಿದು ಹೊರಗೆ ಹೋದ. ಮರಳಿ ಬಂದು, ಆಪರೇಷನ್ ಖರ್ಚನ್ನೂ ಹೋದ ಸಂಬಳವನ್ನೂ ಕೊಟ್ಟು ರಾಜಿಯಾಗಲು ಕಂಪನಿಯ ಒಪ್ಪಿಗೆ ಬಂದಿದೆ ಎಂದು ನ್ಯಾಯಾಧೀಶರ ಕಿವಿಯಲ್ಲಿ ಹೇಳಿದ. ಹನ್ನೆರಡು ಮಂದಿಯನ್ನು ಮನೆಗೆ ಕಳುಹಿಸಿದರು.

ಗುಮಾಸ್ತ ರೇಲಿಂಗನ್ನು ಎತ್ತಿಕೊಂಡು ಬಂದ. “ಇದು ಯಾರಿಗೆ? ವಾದಿಗೋ, ಪ್ರತಿವಾದಿಗೋ?”

“ನನ್ನ ಸೊಂಟ ಮುರಿದದ್ದು ನನಗ್ಯಾಕೆ? ಅವಳಿಗೆ ಕೊಡಿ,” ಎಂದಳು ಡೆಲ್ಫಿಯಾ.

“ಇನ್ನು ಮೆಟ್ಟಿಲಿಗೆ ಹಾಕಲ್ಲ ಕಣೇ,” ಎಂದಳು ಓಪಲ್.

“ಹಾಕಬೇಡ. ಹಾಗೇ ಇಟ್ಕೋ.”

ರೇಲಿಂಗ್ ಕಾರಿಗಿಂತ ಉದ್ದವಾಯಿತು. ಒಂದು ತುದಿ ಕಿಟಕಿಯಿಂದಾಚೆ ಚಾಚಿತ್ತು. ಕಟ್ಟಿದ ಚೀಟಿ ಗಾಳಿಗೆ ಪಟಪಟನೆ ಬಡಿಯುತ್ತಿತ್ತು. ಬೆಟ್ಟದ ತಿರುವುಗಳಲ್ಲಿ ಓಪಲ್ ಮೆಲ್ಲಗೆ ಓಡಿಸಿದಳು. ಪಕ್ಕದಲ್ಲಿ ಡೆಲ್ಫಿಯಾ, ರೇಲಿಂಗ್ ಎಲ್ಲಿ ಬಿದ್ದುಹೋದೀತೋ ಎಂದು, ಮನೆ ಮುಟ್ಟುವವರೆಗೂ ಅದನ್ನು ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡೇ ಕುಳಿತಿದ್ದಳು.