ಗುರುಗಳ ಎಡಮಂಡಿ

ಗುರುಗಳ ಯೋಗಪಾಠದಲ್ಲಿ ಇದ್ದದ್ದು ಒಂದೇ ಮಾತು: "ನಾನು ಮಾಡಿದ ಹಾಗೆ ಮಾಡಿ." ಪಾದಹಸ್ತಾಸನದಲ್ಲಿ ಅವರ ತಲೆ ಮಂಡಿಗೆ ತಾಗಿರುತ್ತಿದ್ದುದರಿಂದ, ಎದುರಿಗಿದ್ದ ಶಿಷ್ಯರು ಹೇಗೆ ಮಾಡುತ್ತಿದ್ದಾರೆಂದು ಅವರು ನೋಡಿಯೇ ಇರಲಿಲ್ಲ. ಎಂಬತ್ತರ ವಯಸ್ಸಿನಲ್ಲಿ ಮಂಡಿಯ ಆಪರೇಷನ್ ಆಗಿ, ಚೇತರಿಸಿಕೊಂಡು ಬಂದು, ಮೊದಲ ಸಲ ಕುರ್ಚಿಯಲ್ಲಿ ಕೂತು ತರಗತಿ ನೋಡಿದರು. ಅಷ್ಟೂ ಜನರ ಎಡಮಂಡಿ ಸೊಟ್ಟಗಿತ್ತು. ಕಣ್ಣು ಮುಚ್ಚುವ ಮೊದಲು ಇದನ್ನು ತಿದ್ದದಿದ್ದರೆ ತಮ್ಮ ಹೆಸರಿನಲ್ಲಿ ಉಳಿಯುವುದು ಈ ಸೊಟ್ಟಕಾಲೊಂದೇ ಎನಿಸಿತು.

"ಚಿದಂಬರ, ಆ ಕಾಲು ಯಾಕಯ್ಯ ಹಾಗೆ?" ಎಂದು ಹಿರಿಯ ಶಿಷ್ಯನನ್ನು ಕೇಳಿದರು.

"ನಮ್ಮ ಪರಂಪರೆ ಅಲ್ವೇ ಗುರುಗಳೇ! ಇದರ ಮೇಲೆ ನಾನು ಉಪನ್ಯಾಸಾನೇ ಕೊಡ್ತೀನಿ."

"ಪರಂಪರೆಯೂ ಇಲ್ಲ, ಮಣ್ಣೂ ಇಲ್ಲ. ಚಿಕ್ಕಂದಿನಲ್ಲಿ ಸೀಬೆಮರದಿಂದ ಬಿದ್ದಿದ್ದೆ ಕಣಯ್ಯ, ಮಂಡಿ ನೆಟ್ಟಗಾಗ್ತಿರಲಿಲ್ಲ. ಈಗ ಡಾಕ್ಟರು ಸರಿಮಾಡಿದಾರೆ. ನೋಡು!"

ಗುರುಗಳು ಎದ್ದು, ಎರಡೂ ಕಾಲು ನೆಟ್ಟಗಿಟ್ಟು, ಬಾಗಿ ತೋರಿಸಿದರು. ತರಗತಿ ಉಸಿರು ಬಿಗಿಹಿಡಿದು ನೋಡಿತು. ಚಿದಂಬರನ ಕಣ್ಣು ತುಂಬಿ ಬಂತು.

"ಅರ್ಥವಾಯ್ತು ಗುರುಗಳೇ," ಎಂದು ಅವನು ಕಾಲಿಗೆ ಬಿದ್ದ. "ಆ ಡಾಕ್ಟರು ಯಾರು ಹೇಳಿ, ನಾವೆಲ್ಲ ಹೋಗಿ ಆಪರೇಷನ್ ಮಾಡಿಸ್ಕೊಂಡು ಬರ್ತೀವಿ."