ಮದುವೆಯ ಊಟಕ್ಕೊಂದು ವೈನ್

“ಇದನ್ನ ಮದುವೆ ಊಟಕ್ಕೆ ಇಡೋದಾದ್ರೆ, ಆ ಮದುವೇನೇ ಬೇಡ!”

ತಾಯಿಯ ಗ್ಲಾಸು ಠಪ್ಪೆಂದು ಮೇಜಿನ ಮೇಲೆ ಕುಳಿತಿತು. ವೈನ್ ಬಡಿಸುತ್ತಿದ್ದ ಮಗಳು ಬಾಟಲಿಯನ್ನು ಕೆಳಗಿಟ್ಟಳು. ಎದುರಿಗೆ ಕುಳಿತಿದ್ದ ಹಿರಿಯರು, ಅಂದರೆ ಅಡುಗೆಯವನ ತಂದೆ, ಮೀಸೆಯ ತುದಿಯನ್ನು ತಿರುವಿದರು. ಅದು ಅಪಾಯದ ಸೂಚನೆ.

ಭಾನುವಾರದ ಮಧ್ಯಾಹ್ನ. ಹನ್ನೆರಡು ಮೇಜುಗಳ ಪುಟ್ಟ ರೆಸ್ಟೋರೆಂಟ್. ಅಡುಗೆಮನೆ ಆ ಅಡುಗೆಯವನದು, ವೈನಿನ ಕಪಾಟು ಮಗಳದು. ಅವನು ಅವಳಿಗಿಂತ ಎರಡು ವರ್ಷ ದೊಡ್ಡವನು. ನಾಲ್ಕು ವರ್ಷಗಳಿಂದ ಇಬ್ಬರೂ ಸೇರಿ ಅದನ್ನು ನಡೆಸಿಕೊಂಡು ಬಂದಿದ್ದರು. ಅಷ್ಟರಲ್ಲಿ ಎರಡು ಮನೆಗಳ ನಡುವೆ ಹೋಗಿಬರುವುದು ಹೆಚ್ಚಿ, ಮದುವೆಯ ಪ್ರಸ್ತಾಪವೂ ತಾನಾಗಿ ಹುಟ್ಟಿತ್ತು. ಅದು ನೆರವೇರಬೇಕೆಂಬುದು ಅವಳ ಏಕೈಕ ಆಸೆ. ದಿನ ಗೊತ್ತುಮಾಡುವುದಷ್ಟೇ ಬಾಕಿ. ಅದಕ್ಕೆ ಮೊದಲು ಊಟದ ವೈನ್ ನಿಶ್ಚಯವಾಗಲಿ ಎಂದು ತಾಯಿ ಪಟ್ಟುಹಿಡಿದಿದ್ದರು.

ಮಗಳು ಆರಿಸಿದ್ದು ಒಂದು ಸಹಜ ಕೆಂಪು ವೈನ್. ರಾಸಾಯನಿಕ ಕಾಣದ ತೋಟದ ದ್ರಾಕ್ಷಿ. ಹಣ್ಣಿನ ಸಿಪ್ಪೆಯ ಮೇಲಿನ ಯೀಸ್ಟಿನಿಂದಲೇ ಹುದುಗಿದ, ಸೋಸದ ರಸ. ಹೊರಗಿನಿಂದ ಬೆರೆಸಿದ್ದು ಏನೂ ಇಲ್ಲ. ಇಂಥ ವೈನಿಗೆ ಮಡ್ಡಿ ಇದ್ದೇ ಇರುತ್ತದೆ. ಅದು ತಳ ಸೇರಲೆಂದು ಹಿಂದಿನ ದಿನವೇ ಎರಡು ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿದ್ದಳು.

ಆದರೆ ತಾಯಿ ಮೂವತ್ತು ವರ್ಷ ಔಷಧದ ಅಂಗಡಿ ನಡೆಸಿದವರು. ತಳದಲ್ಲಿ ಮಡ್ಡಿ ಕಂಡೊಡನೆ ಕೈ ತಾನೇ ಮುಂದಾಯಿತು. “ಅಮ್ಮಾ, ಬೇಡ” ಎಂದು ಮಗಳು ಹೇಳುವಷ್ಟರಲ್ಲಿ, ಕೆಮ್ಮಿನ ಸಿರಪ್ಪೋ ಎಂಬಂತೆ ಮೊದಲ ಬಾಟಲಿಯನ್ನು ಹತ್ತು ಸಲ ಅಲ್ಲಾಡಿಸಿಬಿಟ್ಟಿದ್ದರು.

“ಕೆಸರು. ಕಹಿ. ಮೇಲಿಂದ ಕೋಳಿಗೂಡಿನ ವಾಸನೆ,” ಎಂದರು ಈಗ.

“ಅಲ್ಲಾಡಿಸಿದ್ದು ಯಾರು?” ಹಿರಿಯರು ಕೇಳಿದರು. ಅವರು ಆಯುಷ್ಯವೆಲ್ಲ ಗಡಿಯಾರ ರಿಪೇರಿ ಮಾಡಿದವರು. “ಗಡಿಯಾರಾನ ಹೀಗೆ ಕುಲುಕಿದ್ರೆ ಅದೂ ತಪ್ಪು ಟೈಮೇ ತೋರಿಸೋದು.”

“ನಿಮ್ಮದೇನು ಕಮ್ಮಿ? ಇಷ್ಟು ಮೆಣಸು ಮೆತ್ತಿದ ಮಾಂಸ ಬೇಕು ಅಂದಿದ್ದು ಯಾರು? ನಾಲಿಗೆ ಸುಟ್ಟುಕೊಂಡ ಮೇಲೆ ವೈನಾದ್ರೇನು, ನಲ್ಲಿ ನೀರಾದ್ರೇನು? ಖಾರ ನಿಮಗೆ ಆಗಲ್ಲ ಅಂತ ಡಾಕ್ಟರು ಬಾಯಿ ಬಾಯಿ ಬಡ್ಕೊಂಡಿದ್ದಾರೆ.”

“ಈಗಲೇ ಇಷ್ಟು ಜೋರು! ಮದುವೆ ಆದ್ಮೇಲೆ ಏನು ಗತಿಯೋ.”

“ಅದಕ್ಕೇ ಹೇಳಿದ್ದು, ಇನ್ನೊಂದು ಸಲ ಯೋಚನೆ ಮಾಡಿ ಅಂತ.”

ಮಗಳು ಅಡುಗೆಮನೆಗೆ ಧಾವಿಸಿದಳು. ಬಾಗಿಲ ಸಂದಿನಲ್ಲಿ ಕಿವಿಯಿಟ್ಟಿದ್ದ ಅಡುಗೆಯವನು ಹಿಂದಕ್ಕೆ ನೆಗೆದನು.

“ಮುರಿದು ಬಿತ್ತಾ?”

“ಇನ್ನೂ ಇಲ್ಲ. ನಿಮ್ಮಪ್ಪ ಮೀಸೆ ತಿರುವ್ತಾ ಇದ್ದಾರೆ.”

“ಹಾಗಾದ್ರೆ ಮುಗೀತು ಕಥೆ. ಇವತ್ತು ದಿನ ಗೊತ್ತಾಗಲಿಲ್ಲ ಅಂದ್ರೆ ಈ ಜನ್ಮದಲ್ಲಿ ಆಗಲ್ಲ. ನಾನು ಹೊಸ ಬಟ್ಟೆ ಬೇರೆ ಹೊಲಿಸಿಬಿಟ್ಟಿದ್ದೀನಿ!”

“ನಿನ್ನ ಬಟ್ಟೆ ಹಾಳಾಗಲಿ. ಆ ಮಾಂಸ ಎತ್ತಿಡು. ಅಣಬೆ ಬೆಣ್ಣೇಲಿ ಹುರಿ. ಮೆಣಸಿನ ಡಬ್ಬ ಮುಟ್ಟಿದ್ರೆ ಕೈ ಮುರೀತೀನಿ.”

“ಸಂಬಂಧ ಇನ್ನೂ ಕೂಡೇ ಇಲ್ಲ, ಆಗಲೇ ಅಧಿಕಾರ!” ಎಂದು ಗೊಣಗುತ್ತ ಅವನು ಬಾಣಲೆಯನ್ನು ಒಲೆಗೇರಿಸಿದನು.

ಅವಳು ಎರಡನೆಯ ಬಾಟಲಿಯನ್ನು, ನಿದ್ದೆಹೋದ ಮಗುವನ್ನು ತೊಟ್ಟಿಲಿನಿಂದ ಎತ್ತುವ ಎಚ್ಚರದಲ್ಲಿ ಹೊರತಂದಳು. ಅಗಲ ಬಾಯಿಯ ಗಾಜಿನ ಹೂಜಿಗೆ ಎಳೆಯೆಳೆಯಾಗಿ ಬಗ್ಗಿಸಿದಳು. ಮಡ್ಡಿ ಬಾಟಲಿಯ ಕತ್ತಿಗೆ ಬರುತ್ತಲೇ ಕೈ ತಡೆದಳು. ಹೂಜಿಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಅಪ್ಪಣೆ ಹೊರಡಿಸಿದಳು: “ಇಪ್ಪತ್ತು ನಿಮಿಷ ಯಾರೂ ಮುಟ್ಟಬಾರದು.”

ಹಿರಿಯರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು.

ಐದು ನಿಮಿಷ ಇಬ್ಬರೂ ಕಿಟಕಿಯನ್ನೇ ನೋಡಿದರು. ಎಂಟನೆಯ ನಿಮಿಷಕ್ಕೆ ಹಿರಿಯರು ತಾಯಿಯ ಮಂಡಿನೋವನ್ನು ವಿಚಾರಿಸಿದರು. ಹತ್ತನೆಯ ನಿಮಿಷಕ್ಕೆ ತಾಯಿ, ಅವರ ಅಂಗಿಯ ಗುಂಡಿ ಸಡಿಲವಾಗಿದೆ ಎಂದರು. ಹದಿನೈದಕ್ಕೆ ಯಾವುದೋ ಹಳೆಯ ಗಿರಾಕಿಯ ಸಂಗತಿ ಬಂದು, ಇಬ್ಬರೂ ಕಣ್ಣೀರು ಒರೆಸಿಕೊಳ್ಳುವಷ್ಟು ನಕ್ಕರು.

ಅಣಬೆ ಬಂದಿತು. ವೈನನ್ನು ಗ್ಲಾಸಿನ ಮೂರನೆಯ ಒಂದು ಪಾಲಿನಷ್ಟು ಮಾತ್ರ ಬಡಿಸಿ ಮಗಳು ತಾಯಿಯ ಮುಖ ನೋಡಿದಳು.

ಕೋಳಿಗೂಡಿನ ಗಂಧವು ಹಾರಿಹೋಗಿ, ಹುಳಿ ಚೆರ್ರಿಯ ಪರಿಮಳವು ಮೇಲೆದ್ದಿತ್ತು. ತಂಪು ವೈನಿನ ತೆಳು ಹುಳಿಯು ಬೆಣ್ಣೆಯ ಜಿಡ್ಡನ್ನು ತೊಳೆಯಿತು. ಅಣಬೆಯ ಮಣ್ಣಿನ ಸೊಗಡು ವೈನಿನ ರುಚಿಗೆ ತೂಕ ಕೊಟ್ಟಿತು. ತಾಯಿ ಒಂದು ಗುಟುಕು ಕುಡಿದರು. ಅಣಬೆ ಬಾಯಿಗಿಟ್ಟರು. ಮತ್ತೊಂದು ಗುಟುಕು.

“ಇದು ಅದೇ ವೈನಾ?”

“ಅದೇ, ಅಮ್ಮಾ. ಮುಚ್ಚಳ ತೆಗೆದ ತಕ್ಷಣ ಮುಖ ಗಂಟು ಹಾಕ್ಕೊಂಡಿರುತ್ತೆ. ಸ್ವಲ್ಪ ಗಾಳಿ ಆಡಿಸಿ, ಸುಮ್ಮನೆ ಬಿಟ್ರೆ ತಾನೇ ಸರಿಹೋಗುತ್ತೆ.”

“ಕೆಲವು ಮನುಷ್ಯರೂ ಹಾಗೇ,” ಎಂದರು ಹಿರಿಯರು.

“ಮೀಸೆ ಇರೋರಂತೂ ಇನ್ನೂ ಹಾಗೇ,” ಎಂದರು ತಾಯಿ, ಗ್ಲಾಸನ್ನು ಮುಂದಕ್ಕೆ ಸರಿಸುತ್ತ. “ಇನ್ನೊಂಚೂರು ಹಾಕೇ.”

ಹಿರಿಯರು ಗಂಟಲು ಸರಿಪಡಿಸಿಕೊಂಡರು. “ಮುಂದಿನ ತಿಂಗಳ ಮೊದಲನೇ ಭಾನುವಾರ?”

“ಆಗಲಿ. ಇದೇ ವೈನ್, ಇದೇ ಅಣಬೆ. ಬಾಟಲಿ ನಾನು ಮುಟ್ಟಲ್ಲ, ಖಾರ ನೀವು ಮುಟ್ಟಬೇಡಿ.”

ಅಡುಗೆಯವನು ಸೌಟು ಹಿಡಿದುಕೊಂಡೇ ಹೊರಗೋಡಿ ಬಂದನು. ಮಗಳು ಔತಣಗಳ ಪುಸ್ತಕವನ್ನು ತೆರೆದು, ಆ ಭಾನುವಾರದ ಹಾಳೆಯಲ್ಲಿ ದುಂಡಗಿನ ಅಕ್ಷರಗಳಿಂದ ಬರೆಯತೊಡಗಿದಳು.

ವಧುವಿನ ಸಾಲಿನಲ್ಲಿ ತನ್ನ ತಾಯಿಯ ಹೆಸರು, ವರನ ಸಾಲಿನಲ್ಲಿ ಅವನ ತಂದೆಯ ಹೆಸರು, ಬರೆದು ಮುಗಿಸಿ, ತಿರುಗಿ ನಗುತ್ತ ಕರೆದಳು: “ಅಣ್ಣಾ, ಇನ್ನು ಸಿಹಿ ತಗೊಂಡು ಬಾ.”