ತಟ್ಟೆಗೆ ಹಾಕದ ಕ್ಲಿಪ್ಪು

ವಿಮಾನ ಪಲ್ಟಿ ಹೊಡೆದು ತಲೆಕೆಳಗಾದಾಗ ನರ್ಸಮ್ಮನ ಜೇಬಿನಿಂದ ಮಗಳ ಕೂದಲಿನ ಕ್ಲಿಪ್ಪು ಜಾರಿ, ತಲೆಯ ಕಡೆಯ ಗಾಜಿಗೆ ಟಕ್ಕೆಂದು ಬಡಿಯಿತು. ವಿಮಾನ ಮತ್ತೆ ನೆಟ್ಟಗಾಗುವಷ್ಟರಲ್ಲಿ ಅದು ಅವಳ ಮೊಣಕಾಲ ಪಕ್ಕದಲ್ಲೇ ಉರುಳಿ ಕಾಲಡಿಯ ಸಂದಿಯಲ್ಲಿ ಮಾಯವಾಯಿತು.

ಅವಳಿಗೆ ವಿಮಾನದ ಪಲ್ಟಿ ಕಲಿಸುವ ಮೇಷ್ಟ್ರು ಹಿಂದಿನ ಸೀಟಿನಲ್ಲಿದ್ದರು, ಅವರಿಗೆ ಕಂಡಿರಲಿಲ್ಲ. ಹತ್ತುವ ಮೊದಲು ಜೇಬಿನಲ್ಲಿದ್ದುದನ್ನೆಲ್ಲ ಸ್ಟೀಲ್ ತಟ್ಟೆಗೆ ಸುರಿಯಬೇಕೆಂಬುದು ಅವರ ಕಟ್ಟಪ್ಪಣೆ. ಒಂದು ಅಂಗಿ ಗುಂಡಿ ವಿಮಾನ ನಡೆಸುವ ಸ್ಟಿಕ್ಕಿನ ಬುಡದಲ್ಲಿ ಸಿಕ್ಕಿಕೊಂಡರೂ ಸ್ಟಿಕ್ಕು ಅಲ್ಲಾಡದು, ಆಮೇಲೆ ದೇವರೇ ಗತಿ ಎನ್ನುತ್ತಿದ್ದರು. ತಟ್ಟೆಯ ವಿಷಯದಲ್ಲಿ ಸುಳ್ಳು ಹೇಳಿದ ಇಬ್ಬರನ್ನು ಮತ್ತೆ ವಿಮಾನದ ಹತ್ತಿರವೂ ಸೇರಿಸಿರಲಿಲ್ಲ. ಶಿಸ್ತಿನ ಮನುಷ್ಯ. ಮರೆವೊಂದು ಮಾತ್ರ ಜಾಸ್ತಿ: ಹಾರಾಟದ ಸಮಯ ಬರೆಯುವಾಗಲೆಲ್ಲ ಎದೆಯ ಜೇಬು ತಡಕಿ, ತಿಂಗಳಿಂದ ಪೆನ್ನೇ ಕಾಣುತ್ತಿಲ್ಲವೆಂದು ಗೊಣಗಿ, ನರ್ಸಮ್ಮನ ಪೆನ್ನು ಇಸಿದುಕೊಳ್ಳುತ್ತಿದ್ದರು.

ಅವಳೇನು ಕಡಿಮೆಯೇ? ಆಪರೇಷನ್ ಥಿಯೇಟರಿನಲ್ಲಿ ಹೊಟ್ಟೆ ಹೊಲಿಯುವ ಮೊದಲು ಕತ್ತರಿ, ಹತ್ತಿ ಎಲ್ಲ ಹೊರಗೆ ಬಂದಿದೆಯೇ ಎಂದು ಎರಡೆರಡು ಸಲ ಎಣಿಸುವವಳು. ಅಂಥವಳು ಇವತ್ತು, "ಇದಿದ್ರೆ ನೀನು ಬೀಳಲ್ಲಮ್ಮ" ಎಂದು ಮಗಳು ಜೇಬಿಗೆ ತುರುಕಿದ್ದನ್ನು ತೆಗೆದಿಡಲು ಮನಸ್ಸಾಗದೆ, ಎಲ್ಲ ತಟ್ಟೆಗೆ ಹಾಕಿದೆ ಎಂದುಬಿಟ್ಟಿದ್ದಳು.

"ಈಗ ಗಿರಕಿ," ಕಿವಿಯಲ್ಲಿ ಮೇಷ್ಟ್ರ ದನಿ. "ಸುತ್ತುತ್ತಾ ಬೀಳೋಕೆ ಬಿಡಿ. ಮೂರು ಸುತ್ತಾದ್ಮೇಲೆ ಪೆಡಲ್ ಒತ್ತಿ ಸ್ಟಿಕ್ ಮುಂದಕ್ಕೆ ತಳ್ಳಿ. ರೆಡಿನಾ?"

ತಳ್ಳಿದಾಗ ಸ್ಟಿಕ್ಕು ಮುಂದಕ್ಕೆ ಹೋಗದಿದ್ದರೆ? ಹೇಳಿದರೆ ಕಲಿಕೆ ಇವತ್ತಿಗೇ ಮುಗಿಯಿತು. ಎರಡು ವರ್ಷದ ರಜೆಗಳನ್ನೆಲ್ಲ ಅವಳು ಇದಕ್ಕೇ ಸುರಿದಿದ್ದಳು. ಹೇಳದಿದ್ದರೆ, ಸಂಜೆ ಮಗಳು ಬಾಗಿಲಲ್ಲಿ ಕಾಯುತ್ತಲೇ ಇರುತ್ತಾಳೆ.

"ಬೇಡ ಸಾರ್. ನನ್ ಜೇಬಲ್ಲಿ ಒಂದು ಕ್ಲಿಪ್ ಇತ್ತು. ಕೆಳಗೆ ಬಿದ್ದಿದೆ."

ಸ್ಟಿಕ್ಕು ತಮಗೆ ಬಿಡಿ ಎಂದರು ಮೇಷ್ಟ್ರು. ತುಂಬಿದ ಕೊಡ ಹೊತ್ತವರಂತೆ ವಿಮಾನವನ್ನು ಮೆಲ್ಲಗೆ ಇಳಿಸಿದರು. ನೆಲ ಮುಟ್ಟುವವರೆಗೂ ಅವಳಿಗೆ ಪಾದ ಕದಲಿಸಲೂ ಭಯ.

ಇಳಿದ ಮೇಲೆ ಮೇಷ್ಟ್ರು ಬೈಯಲಿಲ್ಲ. ತಟ್ಟೆಯಲ್ಲಿದ್ದ ಅವಳ ಕೀಲಿಕೈ, ಫೋನು, ಪೆನ್ನು ಎತ್ತಿ ಅವಳ ಕೈಗಿಟ್ಟರು. "ನಾಳೆಯಿಂದ ಬರ್ಬೇಡಿ ಸಿಸ್ಟರ್" ಎಂದರು.

ಅಷ್ಟರಲ್ಲಿ ಮೆಕ್ಯಾನಿಕ್ ಸೀಟಿನ ಕೆಳಗಿನ ತಗಡು ಬಿಚ್ಚಿ, ಭುಜದವರೆಗೂ ಕೈ ತೂರಿಸಿ ತಡಕುತ್ತಿದ್ದ. ಹಳದಿ ಕ್ಲಿಪ್ಪು ಸಿಕ್ಕಿತು. ಯಾಕೋ ಮತ್ತೊಮ್ಮೆ ಕೈ ಹಾಕಿದ. ಈ ಸಲ ಏನನ್ನೋ ಜಗ್ಗಿ ಜಗ್ಗಿ ಎಳೆದು ತಂದ: ಎಣ್ಣೆ ಮೆತ್ತಿ ಕಪ್ಪಾದ ಒಂದು ಪೆನ್ನು.

"ಕ್ಲಿಪ್ಪು ದೂರ ಇತ್ತು, ಬಿಡಿ. ಇದು ಸ್ಟಿಕ್ಕಿನ ಬುಡಕ್ಕೇ ತಾಗ್ಕೊಂಡಿತ್ತು. ಯಾರದ್ದು?"

ಮೇಷ್ಟ್ರ ಕೈ ತಾನಾಗಿಯೇ ಎದೆಯ ಜೇಬಿಗೆ ಹೋಯಿತು.